ಈಸೂರಿನ ಏಳು ಹೆಸರು

ಪ್ರೀತಿಯ ಗೆಳೆಯಾ,

ಮೊನ್ನೆ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋಗಿದ್ದೆ. ಆಶಾ ಕಾರ್ಯಕರ್ತೆಯರ ಧರಣಿ ಇತ್ತು, ನಮ್ಮ ಅತ್ತಿಗೆಯೂ ಊರಿಂದ ಬಂದಿದ್ದರು. ಬುತ್ತಿ ಕೊಟ್ಟು ಬರೋಣ ಅಂತ ಹೋದವನು ಸಂಜೆಯವರೆಗೂ ಅಲ್ಲೇ ಕೂತುಬಿಟ್ಟೆ. ಗುಲಾಬಿ ಸೀರೆಯ ಹೆಂಗಸರು ಟಾರ್ಪಾಲಿನ ಮೇಲೆ ಒತ್ತೊತ್ತಾಗಿ ಕೂತಿದ್ದರು. ಒಬ್ಬಾಕೆ ರೊಟ್ಟಿಯ ಗಂಟು ಬಿಚ್ಚಿ, ಚಟ್ನಿಪುಡಿ ಹಚ್ಚಿ, ಗುರುತಿಲ್ಲದ ನನ್ನ ಕೈಗೂ ಒಂದು ಚೂರು ಇಟ್ಟಳು. ಹಿಂದೆ ಹಳೇ ಜೈಲಿನ ಕಾವಲು ಗೋಪುರ. ಈಗ ಬೆಂಗಳೂರಿನಲ್ಲಿ ಯಾರೇ ಧರಣಿ ಕೂರಲಿ, ಈ ಜಾಗಕ್ಕೇ ಬರಬೇಕು ಅಂತ ಆದೇಶವಿದೆ.

ಆ ಗೋಪುರ ನೋಡುತ್ತ ನಮ್ಮ ಮೇಷ್ಟ್ರು ಈಸೂರಿಗೆ ಕರೆದುಕೊಂಡು ಹೋದ ದಿನ ನೆನಪಾಯಿತು. ಶಿಕಾರಿಪುರದಿಂದ ಬಸ್ಸಿಡೀ 'ಏಸೂರು ಕೊಟ್ಟರೂ ಈಸೂರು ಕೊಡೆವು' ಅಂತ ಗಂಟಲು ಹರಿಯುವಂತೆ ಕೂಗಿದ್ದೆವಲ್ಲ? 1943ರ ಮಾರ್ಚ್‌ನಲ್ಲಿ ಆ ಊರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಇವರನ್ನು ಗಲ್ಲಿಗೇರಿಸಿದ್ದು ಇದೇ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ. ಅತ್ತಿಗೆಗೆ ಹೇಳಿದೆ. ಆಕೆ ಶಿವಮೊಗ್ಗ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವರು. 'ಹೌದಾ? ಇಲ್ಲೇನಾ?' ಅಂದರು. ಈ ಜೈಲು ಅಂದರೆ ಜನ ನೆನಸಿಕೊಳ್ಳುವುದು ತುರ್ತುಪರಿಸ್ಥಿತಿಯನ್ನು, ಇಲ್ಲಿ ಬಂಧಿಯಾಗಿದ್ದ ವಾಜಪೇಯಿ, ಅಡ್ವಾಣಿಯವರನ್ನು. ಅವರು ಹೊರಗೆ ಬಂದರು, ಅಧಿಕಾರಕ್ಕೂ ಬಂದರು. ಈಸೂರಿನ ಐವರು ಬರಲಿಲ್ಲ.

ಆವತ್ತು ನೀನು ಮೇಷ್ಟ್ರಿಗೆ ಒಂದು ಪ್ರಶ್ನೆ ಕೇಳಿದ್ದೆ, ನೆನಪಿದೆಯಾ? 'ಸತ್ತ ಅಮಲ್ದಾರರು ಬ್ರಿಟಿಷರಾ ಸಾರ್?' ಅಮಲ್ದಾರ ಅಂದರೆ ಈಗಿನ ತಹಶೀಲ್ದಾರ. ಮೇಷ್ಟ್ರು ಮಾತು ತೇಲಿಸಿದರು. ಆವತ್ತು ಈಸೂರಿನಲ್ಲಿ ಸತ್ತ ಅಧಿಕಾರಿಗಳು ಇಬ್ಬರು: ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ. ಇಬ್ಬರೂ ಕನ್ನಡದವರು, ಮೈಸೂರು ಸರ್ಕಾರದ ನೌಕರರು. ಕ್ವಿಟ್ ಇಂಡಿಯಾ ಕಾಲದಲ್ಲಿ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತ್ತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ಊರ ಹುಡುಗರಿಬ್ಬರನ್ನೇ ಅಮಲ್ದಾರ, ಇನ್ಸ್‌ಪೆಕ್ಟರ್ ಅಂತ ನೇಮಿಸಿಕೊಂಡಿತ್ತು. 1942ರ ಸೆಪ್ಟೆಂಬರ್ 28ರಂದು ನಿಜವಾದ ಅಧಿಕಾರಿಗಳು ಪೊಲೀಸರ ಜೊತೆ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಊರವರು ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ರೊಚ್ಚಿಗೆದ್ದ ಜನ ಇಬ್ಬರನ್ನೂ ಹೊಡೆದು ಕೊಂದರು. ಆಮೇಲೆ ಊರಿಗೆ ನುಗ್ಗಿದ ಪಡೆ ಮನೆಗಳನ್ನು ಸೂರೆ ಮಾಡಿತು, ಜನ ಕಾಡು ಸೇರಿದರು. ಹೆಂಗಸರಿಗೂ ಶಿಕ್ಷೆಯಾಯಿತು. ಅವರ ಹೆಸರುಗಳನ್ನು ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಗಲ್ಲು ಶಿಕ್ಷೆ ಕೊಟ್ಟದ್ದು ಮೈಸೂರು ಸಂಸ್ಥಾನದ ನ್ಯಾಯಾಲಯ, ಜೈಲೂ ಸಂಸ್ಥಾನದ್ದೇ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದವರೂ ಮೈಸೂರು ಪೊಲೀಸರೇ. ಅದನ್ನು ನಾವು 'ಕರ್ನಾಟಕದ ಜಲಿಯನ್‌ವಾಲಾಬಾಗ್' ಅನ್ನುತ್ತೇವೆ. ಹಾಗೆ ಕರೆದ ಕೂಡಲೇ ಕಣ್ಣ ಮುಂದೆ ಡಯರ್ ಬಂದು ನಿಲ್ಲುತ್ತಾನೆ, ನಮ್ಮ ಪೊಲೀಸರು ಮರೆಗೆ ಸರಿದುಬಿಡುತ್ತಾರೆ. ಕನ್ನಂಬಾಡಿ ಕಟ್ಟಿದ ಮಾದರಿ ಮೈಸೂರಿನ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಅದೇ ಮೈಸೂರು ತನ್ನ ಪ್ರಜೆಗಳ ಕೊರಳಿಗೆ ನೇಣು ಹಾಕಿತು ಅನ್ನುವುದನ್ನೂ ಹೇಳದೆ ಹೋದರೆ ಆ ಐವರಿಗೆ ಅನ್ಯಾಯ. 

ಚೆನ್ನಕೃಷ್ಣಪ್ಪ, ಕೆಂಚೇಗೌಡರ ಮನೆಗಳಲ್ಲಿ ಆ ರಾತ್ರಿ ಏನಾಗಿರಬಹುದು ಅಂತ ಇತ್ತೀಚೆಗೆ ತುಂಬ ಯೋಚಿಸುತ್ತೇನೆ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಅಳುಕಿದೆ, ಹುತಾತ್ಮರನ್ನು ಕಡಿಮೆ ಮಾಡುತ್ತಿದ್ದೀಯ ಅಂತ ನೀನೇ ಬೈಯಬಹುದು. ಖಂಡಿತ ಇಲ್ಲ ಮಾರಾಯ. ಐವರು ನನಗೆ ಈಗಲೂ ಹುತಾತ್ಮರೇ. ಕೊಲೆ ನಡೆದದ್ದೂ ನಿಜ, ಹೋರಾಟ ನ್ಯಾಯದ್ದು ಅನ್ನುವುದೂ ನಿಜ. ಎರಡನ್ನೂ ಒಟ್ಟಿಗೆ ಹೇಳಿದರೆ ಮಕ್ಕಳು ತಾಳಿಕೊಳ್ಳುತ್ತಾರೆ. ನೀನು ಆ ಪ್ರಶ್ನೆ ಕೇಳಿದಾಗ ನಮಗೆ ಹನ್ನೆರಡು ವರ್ಷ, ಉತ್ತರ ಸಿಕ್ಕಿದ್ದರೆ ನಾವೂ ತಾಳಿಕೊಳ್ಳುತ್ತಿದ್ದೆವು.

ಈಗ ಮೇಷ್ಟ್ರ ಕುರ್ಚಿಯಲ್ಲಿ ನೀನಿದ್ದೀಯ. ಸೆಪ್ಟೆಂಬರ್ 28ಕ್ಕೆ ಏಳನೇ ಕ್ಲಾಸಿನವರನ್ನು ಈಸೂರಿಗೆ ಕರೆದುಕೊಂಡು ಹೋಗು. ಬಸ್ಸಿನಲ್ಲಿ ಎಷ್ಟು ಬೇಕಾದರೂ ಕೂಗಲಿ. ಸ್ಮಾರಕದ ಮುಂದೆ ಐದು ಹೆಸರು ಓದಿಸಿದ ಮೇಲೆ ಉಳಿದ ಎರಡನ್ನೂ ನೀನೇ ಹೇಳು. ಹೋಗುವುದು ಗಟ್ಟಿಯಾದರೆ ತಿಳಿಸು, ನಾನು ಹಿಂದಿನ ರಾತ್ರಿಯ ಬಸ್ಸಿಗೇ ಬರುತ್ತೇನೆ.

ನಿನ್ನ ಗೆಳೆಯ