ಸಬ್‌ನೆಟ್ ಮಾಸ್ಕ್: ಭಾನುವಾರದ ಅಭ್ಯಾಸಕ್ಕೆ ಮುಂಚೆ ಓದಿಕೊಳ್ಳಿ

ಗೆಳೆಯರೇ, ಸಬ್‌ನೆಟ್ ಅಂದರೆ ದೊಡ್ಡ ನೆಟ್‌ವರ್ಕ್‌ನ ಒಂದು ತುಂಡು; ಸಾಧನದ ಐಪಿ ವಿಳಾಸದಲ್ಲಿ ಯಾವ ಭಾಗ ಆ ತುಂಡನ್ನು ಗುರುತಿಸುತ್ತದೆ ಅಂತ ತೋರಿಸುವ ಸಂಖ್ಯೆಯೇ ಮಾಸ್ಕ್. ಸಬ್‌ನೆಟ್ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಹಾಳೆಯ ಮೇಲೆ ಒಂದು ಲೆಕ್ಕ ಬಿಡಿಸಿ ನೋಡಿ, ಜಾಸ್ತಿ ಅರ್ಥವಾಗುತ್ತದೆ.

192.168.1.50 ಮತ್ತು 192.168.1.70. ನೋಡೋಕೆ ಹತ್ತಿರದ ಐಪಿ ವಿಳಾಸಗಳು, ಅಲ್ವಾ? ಮಾಸ್ಕ್ 255.255.255.0 ಆದರೆ ಎರಡೂ ಒಂದೇ ಸಬ್‌ನೆಟ್. 255.255.255.192 ಆದರೆ ಬೇರೆ ಬೇರೆ. ಯಾಕೆ? ಮೊದಲ ಮೂರು ಸಂಖ್ಯೆ ಎರಡೂ ವಿಳಾಸದಲ್ಲಿ ಒಂದೇ, ಹಾಗಾಗಿ ಕೊನೆಯದನ್ನು ಮಾತ್ರ ನೋಡೋಣ. ಮಾಸ್ಕ್‌ನ ಕೊನೆಯ 192 ಅಂದರೆ ಬೈನರಿಯಲ್ಲಿ (0, 1 ಮಾತ್ರ ಬಳಸಿ ಬರೆದಾಗ) 11000000. 50 ಅಂದರೆ 00110010, 70 ಅಂದರೆ 01000110. ಮಾಸ್ಕ್‌ನಲ್ಲಿ 1 ಇರುವ ಜಾಗದ ಬಿಟ್‌ಗಳನ್ನು (ಬೈನರಿ ಅಂಕಿಗಳನ್ನು) ಮಾತ್ರ ಉಳಿಸಿಕೊಳ್ಳಿ, ಮಿಕ್ಕಿದ್ದನ್ನು ಸೊನ್ನೆ ಮಾಡಿ. 50ಕ್ಕೆ 0 ಬರುತ್ತದೆ, 70ಕ್ಕೆ 64. ಅಲ್ಲಿಗೆ ನೆಟ್‌ವರ್ಕ್ ಬೇರೆ ಆಯ್ತು. ಒಂದೇ ಸ್ವಿಚ್‌ಗೆ (ಸಾಧನಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆ) ಹಾಕಿದ್ದರೂ ಇವೆರಡು ಮಾತಾಡಲು ನಡುವೆ ರೂಟರ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ಡೇಟಾ ದಾಟಿಸುವ ಸಾಧನ) ಬೇಕು.

255.255.255.192 ಮಾಸ್ಕನ್ನೇ /26 ಅಂತಲೂ ಬರೆಯುತ್ತಾರೆ, ಯಾಕಂದರೆ ಅದರ 32 ಬಿಟ್‌ಗಳಲ್ಲಿ ಮೊದಲ 26 ಬಿಟ್ 1. ಉಳಿದ 6 ಬಿಟ್‌ಗೆ 64 ವಿಳಾಸ. ಮೊದಲನೆಯದು ನೆಟ್‌ವರ್ಕ್‌ಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ (ಸಬ್‌ನೆಟ್‌ನ ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶಕ್ಕೆ). ಸಾಧನಗಳಿಗೆ ಸಿಗುವುದು 62.

ಪಿಂಗ್ (ಇನ್ನೊಂದು ಸಾಧನ ಉತ್ತರಿಸುತ್ತದಾ ಅಂತ ನೋಡುವ ಪರೀಕ್ಷೆ) ಹೋಗಲಿಲ್ಲ ಅಂತ ತಕ್ಷಣ ಕೇಬಲ್ ಕೀಳಬೇಡಿ. ಮೊದಲು ಎರಡೂ ಕಡೆಯ ಮಾಸ್ಕ್ ನೋಡಿ.

ಭಾನುವಾರಕ್ಕೆ: 172.16.5.130/25 ಯಾವ ಸಬ್‌ನೆಟ್‌ಗೆ ಸೇರುತ್ತದೆ? ಬರೀ ಉತ್ತರ ಬೇಡ, ಬೈನರಿ ಸಮೇತ ಬಿಡಿಸಿ ಫೋಟೋ ಹಾಕಿ.