ಕ್ಲಚ್ ಆರಿಸಲು ಅಶ್ವಶಕ್ತಿಯ ಅಂಕಿ ಸಾಲದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ವಾಹನ ಪುಟದಲ್ಲಿ ಮಾರ್ಪಡಿಸಿದ ಕಾರುಗಳ ಬಗ್ಗೆ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬದಲಾಯಿಸಿದ್ದು, ಇಸಿಯು ರೀಮ್ಯಾಪ್ ಮಾಡಿಸಿದ್ದು (ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಹೊಂದಿಕೆ ಬದಲಿಸಿದ್ದು), ಅಶ್ವಶಕ್ತಿ ಎಷ್ಟರಿಂದ ಎಷ್ಟಕ್ಕೆ ಏರಿತು ಎಂಬುದೆಲ್ಲ ಅಲ್ಲಿ ವಿವರವಾಗಿರುತ್ತದೆ. ಆದರೆ ಏರಿದ ಆ ಶಕ್ತಿಯಷ್ಟನ್ನೂ ಗೇರ್‌ಬಾಕ್ಸಿಗೆ ದಾಟಿಸಬೇಕಾದ ಕ್ಲಚ್ಚಿನ ವಿಷಯ ಬಂದಾಗ ‘ಸ್ಟೇಜ್ 2 ಕ್ಲಚ್ ಹಾಕಿಸಲಾಗಿದೆ’ ಎಂಬ ಒಂದೇ ವಾಕ್ಯಕ್ಕೆ ಮಾತು ಮುಗಿದುಹೋಗುತ್ತದೆ. ಇಂಥದೇ ಮಾತನ್ನು ನಂಬಿ ನನ್ನ ಕಾರಿಗೆ ಹೊಂದದ ಕ್ಲಚ್ ಹಾಕಿಸಿಕೊಂಡು ಕಷ್ಟಪಟ್ಟವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಕ್ಲಚ್ ಎಷ್ಟು ಬಲವಾದದ್ದು ಎಂದು ಸೂಚಿಸಲು ಬಳಸುವ ‘ಸ್ಟೇಜ್’ ಎಂಬುದು ಎಲ್ಲ ತಯಾರಕರೂ ಒಪ್ಪಿಕೊಂಡ ಅಳತೆಯಲ್ಲ. ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 3ಕ್ಕಿಂತ ಹೆಚ್ಚು ಟಾರ್ಕ್ (ತಿರುಗಿಸುವ ಬಲ) ತಾಳಬಹುದು. ಅಶ್ವಶಕ್ತಿಯ ಅಂಕಿಯೂ ಇಲ್ಲಿ ದಾರಿ ತೋರಿಸುವುದಿಲ್ಲ, ಏಕೆಂದರೆ ಕ್ಲಚ್ ಹಿಡಿದಿಡಬೇಕಾದದ್ದು ಟಾರ್ಕನ್ನು. 200 ಅಶ್ವಶಕ್ತಿಯನ್ನು 6,000 ಆರ್‌ಪಿಎಂನಲ್ಲಿ ಕೊಡುವ ಎಂಜಿನ್ನಿನ ಟಾರ್ಕ್ ಆ ವೇಗದಲ್ಲಿ ಸುಮಾರು 237 ನ್ಯೂಟನ್ ಮೀಟರ್. ಅಷ್ಟೇ ಅಶ್ವಶಕ್ತಿಯನ್ನು 4,000 ಆರ್‌ಪಿಎಂನಲ್ಲೇ ಕೊಡುವ ಟರ್ಬೊ ಎಂಜಿನ್ನಿನದು ಸುಮಾರು 356. ರೀಮ್ಯಾಪ್ ಮಾಡಿಸಿದ ಟರ್ಬೊ ಕಾರಿನಲ್ಲಿ ಕ್ಲಚ್ ಮೊದಲು ಸ್ಲಿಪ್ ಆಗುವುದು, ಅಂದರೆ ಹಿಡಿತ ತಪ್ಪಿ ಜಾರುವುದು, ಮೇಲಿನ ಗೇರಿನಲ್ಲಿ, ಎಂಜಿನ್ನಿನ ಮಧ್ಯಮ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಬುದಕ್ಕೆ ಇದೇ ಕಾರಣ. ಎಂಜಿನ್ನಿನ ವೇಗ ತೋರಿಸುವ ಟ್ಯಾಕೋಮೀಟರಿನ ಮುಳ್ಳು ಏರುತ್ತದೆ, ಆದರೆ ಕಾರಿನ ವೇಗ ಅದಕ್ಕೆ ತಕ್ಕಂತೆ ಏರುವುದಿಲ್ಲ.

ಕ್ಲಚ್ ಎಷ್ಟು ಟಾರ್ಕ್ ತಾಳುತ್ತದೆ ಎಂಬುದನ್ನು ನಾಲ್ಕು ಅಂಶಗಳು ನಿರ್ಧರಿಸುತ್ತವೆ: ಕ್ಲಚ್ ಪ್ಲೇಟನ್ನು ಎಂಜಿನ್ನಿನೊಂದಿಗೆ ತಿರುಗುವ ಫ್ಲೈವೀಲಿಗೆ ಪ್ರೆಷರ್ ಪ್ಲೇಟ್ ಒತ್ತುವ ಬಲ, ಪ್ಲೇಟಿನ ಮೇಲಿನ ಉಜ್ಜುವ ಪದರವಾದ ಲೈನಿಂಗಿನ ಘರ್ಷಣಾಂಕ (ಹಿಡಿತದ ಅಳತೆ), ಲೈನಿಂಗಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. ಲೈನಿಂಗಿನ ಹೊರವ್ಯಾಸ 240, ಒಳವ್ಯಾಸ 150 ಮಿಲಿಮೀಟರ್ ಇರುವ ಒಂದೇ ಪ್ಲೇಟಿನ ಕ್ಲಚ್ಚನ್ನು ತೆಗೆದುಕೊಳ್ಳೋಣ. ಒತ್ತುವ ಬಲ 6,000 ನ್ಯೂಟನ್, ಘರ್ಷಣಾಂಕ 0.3 ಇದ್ದರೆ ಅದು ಸುಮಾರು 350 ನ್ಯೂಟನ್ ಮೀಟರ್ ತಾಳುತ್ತದೆ. ಎಂಜಿನ್ 250 ಕೊಡುತ್ತಿದ್ದಾಗ ಇದು ನಿಶ್ಚಿಂತೆಯ ಸ್ಥಿತಿ; ರೀಮ್ಯಾಪಿನ ನಂತರ 340 ಆಯಿತೆಂದರೆ ಬಿಸಿಗೂ ಸವೆತಕ್ಕೂ ಜಾಗವೇ ಉಳಿಯುವುದಿಲ್ಲ. ಆಗ ಒತ್ತುವ ಬಲ ಹೆಚ್ಚಿಸಬಹುದು, ಆದರೆ ಪೆಡಲ್ ಗಟ್ಟಿಯಾಗುತ್ತದೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗಿನ ಮೇಲೂ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗಿನ ಮೇಲೂ ಹೊರೆ ಏರುತ್ತದೆ. ಲೈನಿಂಗನ್ನು ಸೆರಾಮಿಕ್ ಮಿಶ್ರಣಕ್ಕೆ ಬದಲಾಯಿಸಿ ಘರ್ಷಣಾಂಕವನ್ನು 0.4ಕ್ಕೆ ಒಯ್ದರೆ ಅದೇ ಬಲಕ್ಕೆ ಸುಮಾರು 468 ಸಿಗುತ್ತದೆ. ಎರಡು ಪ್ಲೇಟಿನ ಕ್ಲಚ್ಚಾದರೆ ಉಜ್ಜುವ ಮುಖಗಳು ಎರಡರ ಬದಲು ನಾಲ್ಕಾಗಿ, ಪೆಡಲಿನ ಭಾರ ಹೆಚ್ಚದೆಯೇ ತಾಳಿಕೆ ಇಮ್ಮಡಿಯಾಗುತ್ತದೆ. ಅದರ ಬೆಲೆ ಮಾತ್ರ ಹೆಚ್ಚು.

ನಾನು ಎಡವಿದ್ದು ಎರಡನೆಯ ಆಯ್ಕೆಯಲ್ಲಿ. ನನ್ನ ಕಾರಿಗೆ ಹಾಕಿದ್ದು ಆರು ತುಂಡು ಸೆರಾಮಿಕ್ ಲೈನಿಂಗಿನ, ನಡುಭಾಗವಾದ ಹಬ್ಬಿನಲ್ಲಿ (hub) ಸ್ಪ್ರಿಂಗೇ ಇಲ್ಲದ ಪ್ಲೇಟ್. ಅದು ಸ್ಲಿಪ್ ಆಗಲಿಲ್ಲ ಎಂಬುದು ನಿಜ. ಆದರೆ ಸಾಮಾನ್ಯ ಪ್ಲೇಟಿನಲ್ಲಿ ಎರಡು ಲೈನಿಂಗುಗಳ ನಡುವೆ ಇರುವ ಅಲೆಯಾಕಾರದ ತೆಳು ಸ್ಪ್ರಿಂಗ್ ತಗಡು ಇದರಲ್ಲಿರಲಿಲ್ಲವಾದ್ದರಿಂದ ಕ್ಲಚ್ ಮೆಲ್ಲಗೆ ಹಿಡಿಯುವ ಮಾತೇ ಇರಲಿಲ್ಲ. ಬಿಟ್ಟರೆ ಬಿಟ್ಟಿತು, ಹಿಡಿದರೆ ಹಿಡಿಯಿತು. ವಾಹನಗಳು ಸಾಲುಗಟ್ಟಿ ತೆವಳುವ ಹೊತ್ತಿನಲ್ಲಿ, ಏರಿನಲ್ಲಿ, ಹಿಂದಕ್ಕೆ ತೆಗೆಯುವಾಗ ಕಾರು ಬುಡದಿಂದಲೇ ಅದುರುತ್ತಿತ್ತು. ಕೆಲವು ತಿಂಗಳ ನಂತರ ಗೇರ್‌ಬಾಕ್ಸ್ ಇಳಿಸಿ ನೋಡಿದಾಗ ಫ್ಲೈವೀಲಿನ ಮುಖದ ತುಂಬ ಕಾಸಿನಗಲದ ನೀಲಿ ಕಲೆಗಳಿದ್ದವು. ಉಕ್ಕು ಅತಿಯಾಗಿ ಕಾದ ಗುರುತು ಅದು. ರೇಸ್ ಪಥದಲ್ಲಿ ಒಮ್ಮೆ ಹೊರಟರೆ ನಿಲ್ಲದೆ ಓಡುವ ಕಾರಿಗೆ ಆ ಪ್ಲೇಟ್ ಸರಿಯಾದದ್ದೇ. ದಿನವೂ ನೂರಾರು ಬಾರಿ ನಿಂತು ಹೊರಡುವ ನನ್ನ ಕಾರಿಗೆ ಅದು ತಪ್ಪು ಆಯ್ಕೆಯಾಗಿತ್ತು. ಈಗ ಇರುವುದು ಸ್ಪ್ರಿಂಗ್ ಹಬ್ಬಿನ ಆರ್ಗ್ಯಾನಿಕ್ (ನಾರು ಮತ್ತು ರಾಳದ ಲೈನಿಂಗಿನ) ಪ್ಲೇಟ್ ಮತ್ತು ತುಸು ಬಿಗಿಯಾದ ಪ್ರೆಷರ್ ಪ್ಲೇಟ್. ಪೆಡಲ್ ಸ್ವಲ್ಪ ಭಾರ, ಆದರೆ ಕಾರು ಹೇಳಿದಂತೆ ಕೇಳುತ್ತದೆ.

ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗುಗಳಿರುವ ಎರಡು ಭಾಗಗಳ ಫ್ಲೈವೀಲ್) ತೆಗೆದು ಹಗುರವಾದ ಒಂಟಿ ಫ್ಲೈವೀಲ್ ಹಾಕಿಸುವವರು ಸ್ಪ್ರಿಂಗ್ ಹಬ್ಬಿನ ಪ್ಲೇಟನ್ನೇ ಕೇಳಿ ಪಡೆಯಬೇಕು. ಎಂಜಿನ್ನಿನ ಕಂಪನವನ್ನು ನುಂಗುತ್ತಿದ್ದ ಭಾಗವೇ ಹೋದ ಮೇಲೆ ಆ ಕೆಲಸವನ್ನು ಪ್ಲೇಟಿನ ಸ್ಪ್ರಿಂಗುಗಳಾದರೂ ಮಾಡಬೇಕಲ್ಲವೇ? ಅವೂ ಇಲ್ಲದಿದ್ದರೆ ನ್ಯೂಟ್ರಲಿನಲ್ಲಿ ನಿಂತಾಗಲೂ ಗೇರುಗಳು ಕಟಕಟ ಎನ್ನುತ್ತವೆ. ಗೇರ್‌ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗನ್ನೂ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲನ್ನೂ ಬದಲಾಯಿಸಿಬಿಡುವುದು ಒಳ್ಳೆಯದು, ಏಕೆಂದರೆ ಹೊಸ ಲೈನಿಂಗ್ ಎಣ್ಣೆ ಕುಡಿಯಿತೆಂದರೆ ಎಷ್ಟೇ ದುಬಾರಿಯ ಕ್ಲಚ್ಚಾದರೂ ಹಿಡಿತ ಕಳೆದುಕೊಳ್ಳುತ್ತದೆ. ಹೊಸ ಪ್ಲೇಟ್ ಹೊಂದಿಕೊಳ್ಳಲು ತಯಾರಕರು ಸಾಮಾನ್ಯವಾಗಿ ಕೆಲವು ನೂರು ಕಿಲೋಮೀಟರುಗಳ ಸಾವಧಾನದ ಓಡಾಟ ಕೇಳುತ್ತಾರೆ. ಅಷ್ಟು ದಿನ ಟರ್ಬೊದ ಪೂರ್ತಿ ಒತ್ತಡ (ಬೂಸ್ಟ್) ಬಳಸದೆ ಇರುವ ತಾಳ್ಮೆ ಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಮಾರ್ಪಡಿಸಿದ ಕಾರಿನ ಬಗ್ಗೆ ಬರೆಸುವಾಗ ಅಶ್ವಶಕ್ತಿಯ ಪಕ್ಕದಲ್ಲೇ ಗರಿಷ್ಠ ಟಾರ್ಕ್ ಎಷ್ಟು, ಅದು ಯಾವ ಆರ್‌ಪಿಎಂನಲ್ಲಿ ಬರುತ್ತದೆ, ಹಾಕಿರುವ ಕ್ಲಚ್ ಎಷ್ಟು ನ್ಯೂಟನ್ ಮೀಟರ್ ತಾಳುತ್ತದೆ, ಲೈನಿಂಗ್ ಯಾವುದು, ಆ ಕಾರು ದಿನವೂ ರಸ್ತೆಯಲ್ಲಿ ಓಡುತ್ತದೆಯೋ ಇಲ್ಲವೋ ಎಂಬುದನ್ನೂ ದಯವಿಟ್ಟು ಪ್ರಕಟಿಸಿ. ಅಂಥ ನಾಲ್ಕು ಸಾಲು ಅಂದು ನನ್ನ ಕಣ್ಣಿಗೆ ಬಿದ್ದಿದ್ದರೆ ಆ ಪ್ಲೇಟನ್ನು ನಾನು ಕೊಳ್ಳುತ್ತಿರಲಿಲ್ಲ.

ಇತಿ,
ತಮ್ಮ ಓದುಗ