ಬ್ಲ್ಯಾಕ್ ಸಬ್ಬತ್: ಮೊದಲ ಆರರಲ್ಲಿ ನಿಮ್ಮ ಆಯ್ಕೆ ಯಾವುದು?

ಗೆಳೆಯರೇ, ಭಾನುವಾರ ರಾತ್ರಿ 9ರೊಳಗೆ ಮತ ಹಾಕಿ. ಬ್ರಿಟಿಷ್ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ 1970ರಿಂದ 1975ರವರೆಗಿನ ಆರು ಸ್ಟುಡಿಯೋ ಆಲ್ಬಮ್‌ಗಳು ಮಾತ್ರ ಕಣದಲ್ಲಿವೆ. ಲೈವ್, ಸಂಕಲನಗಳು ಬೇಡ. ಒಬ್ಬರಿಗೆ ಒಂದೇ ಮತ.

ಫೋನ್ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಬೇಡಿ. 'ಮಾಸ್ಟರ್ ಆಫ್ ರಿಯಾಲಿಟಿ'ಗೆ (1971) ಅದರಿಂದ ದೊಡ್ಡ ಅನ್ಯಾಯವಾಗುತ್ತದೆ. ಅದರ 'ಚಿಲ್ಡ್ರನ್ ಆಫ್ ದ ಗ್ರೇವ್', 'ಲಾರ್ಡ್ ಆಫ್ ದಿಸ್ ವರ್ಲ್ಡ್', 'ಇನ್‌ಟು ದ ವಾಯ್ಡ್' ಹಾಡುಗಳಲ್ಲಿ ತಂಡದ ಗಿಟಾರ್ ವಾದಕ ಟೋನಿ ಐಯೋಮಿ ಗಿಟಾರಿನ ಶ್ರುತಿಯನ್ನು ಮೂರು ಸೆಮಿಟೋನ್ (ಅರ್ಧಸ್ವರ) ಇಳಿಸಿದ್ದಾರೆ. ಕಾರ್ಖಾನೆ ಅಪಘಾತದಲ್ಲಿ ಬೆರಳ ತುದಿಗಳನ್ನು ಕಳೆದುಕೊಂಡಿದ್ದ ಅವರಿಗೆ ಸಡಿಲ ತಂತಿ ಒತ್ತಲು ಸುಲಭ, ನಾದವೂ ಭಾರವಾಯಿತು. ಆಗ ಗಿಟಾರಿನ ದಪ್ಪ ತಂತಿ ಸುಮಾರು 69 ಹರ್ಟ್ಸ್‌ಗೆ ಇಳಿಯುತ್ತದೆ, ಬಾಸ್ ಗಿಟಾರ್ ಅದರರ್ಧಕ್ಕೆ. ಸಣ್ಣ ಸ್ಪೀಕರಿಗೆ ಅದು ದಕ್ಕುವುದಿಲ್ಲ. ಹೆಡ್‌ಫೋನ್ ಹಾಕಿ, ಬಾಸ್ ಬೂಸ್ಟ್, ಶಫಲ್ ಎರಡನ್ನೂ ಆಫ್ ಮಾಡಿ.

ಮೊದಲ ಆಲ್ಬಮ್ಮಿನ ಬ್ರಿಟಿಷ್ ಆವೃತ್ತಿಯಲ್ಲಿ 'ಈವಿಲ್ ವುಮನ್' ಇದೆ, ಅಮೆರಿಕದ್ದರಲ್ಲಿ ಅದರ ಬದಲು 'ವಿಕೆಡ್ ವರ್ಲ್ಡ್'. ಯಾವುದನ್ನು ಕೇಳಿದಿರೆಂದು ಬರೆಯಿರಿ, ಇಲ್ಲದಿದ್ದರೆ ಚರ್ಚೆ ಅಡ್ಡದಾರಿ ಹಿಡಿಯುತ್ತದೆ.

'ಪ್ಯಾರನಾಯ್ಡ್'ಗೆ ಮತ ಹಾಕುವವರು ಶೀರ್ಷಿಕೆ ಗೀತೆಯೊಂದನ್ನೇ ನೆಚ್ಚಬೇಡಿ. ಅದು ಕೊನೆಯಲ್ಲಿ ಜಾಗ ತುಂಬಲು ಹುಟ್ಟಿದ ಹಾಡು. ಆಲ್ಬಮ್ಮಿನ ನಿಜವಾದ ತೂಕ 'ವಾರ್ ಪಿಗ್ಸ್'ನಲ್ಲಿದೆ. 'ಸಬಟಾಜ್' (1975) ಕೇಳದೆ ಮಾತ್ರ ಮತ ಹಾಕಬೇಡಿ.